ಹಗ್ಗದಲ್ಲುಳಿದ ಎಳೆತ

ಅವತ್ತು ಬೆಳಿಗ್ಗೆ ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡನ್ನು ಮಂಜು ಕವಿದಿತ್ತು. ರಾವಂದೂರು ಬಸ್ಸಿಗೆ ಕಾದಿದ್ದ ಸೋಮಮ್ಮನಿಗೆ ಪಕ್ಕದ ಬೆಂಚಿನ ಮಾತು ಕೇಳಿಸಿತು.

“ನೈಲಾನ್ ಹಗ್ಗ ಕುಯ್ದು, ಬಾವಿಗಿಳೀತಿದ್ದ ನಿಮ್ಮಪ್ಪನ್ನ ಬೀಳಿಸಿ ಸಾಯ್ಸಿದ್ದು ನಾನೇ ಅಂತ ಊರೋರು ಇವತ್ತೂ ಅಂತಾರೆ. ನಿಮ್ ಕಾಲೇಜ್ ಲ್ಯಾಬಲ್ಲಿ ಏನ್ ಕಾಣ್ತು, ಪವಿತ್ರವ್ವ?”

“ತುಂಡಾದ ತುದೀನ ಇನ್‌ಫ್ರಾರೆಡ್ ಬೆಳಕಲ್ಲಿ ನೋಡ್ದೆ, ಚಲುವಯ್ಯಮಾವ. ಕುಯ್ದಿದ್ರೆ ಎಳೆ ಮೊದ್ಲಿನಂಗೇ ಇರೋದು. ಇದು ಭಾರಕ್ಕೆ ಜಗ್ಗಿ ಕಿತ್ತೋಗಿರೋದು. ಆ ಎಳೆತ ಇನ್ನೂ ಒಳಗೇ ಅದೆ, ಬೆಳಕಲ್ಲಿ ಬೇರೆ ಥರ ಕಾಣ್ತದೆ. ಹಗ್ಗ ನಮ್ಮೂರೋರಂಗಲ್ಲ ಬುಡಿ, ಸುಳ್ಳೇಳಕಿಲ್ಲ.”

“ನನ್ ಅಂಗೈಲೂ ಅದೆ ಕಣವ್ವ ಆ ಎಳೆತ. ಕಣ್ಣು ಮುಚ್ಚಿದ್ರೆ ಸಾಕು, ಕೆಳಗಿಂದ ನಿಮ್ಮಪ್ಪ ಜಗ್ತಾನೆ.”

ಬಸ್ಸು ಬಂತು. ಚಲುವಯ್ಯ ಸೊಂಟದಿಂದ ಏನನ್ನೋ ಬಿಚ್ಚಿದ.

“ನಿಮ್ಮಪ್ಪಂದು. ಬಾವಿಗಿಳಿಯೋನು ಹಗ್ಗ ಹಿಡ್ಯೋನ ಕೈಲಿ ಬುಟ್ಟು ಹೋಗೋ ತಾಯ್ತ. ನಿಮ್ಮನೇಲಿ ಯಾರೂ ನನ್ನಿಂದ ಈಸ್ಕಳ್ಳಿಲ್ಲ.”

ಪವಿತ್ರ ಎರಡೂ ಕೈ ಒಡ್ಡಿದಳು. ಅವನು ಅದನ್ನು ಮೆಲ್ಲಗೆ ಇಟ್ಟ.