ಆ್ಯಪಿಗೊಂದು ದೂರು

ತಂತ್ರಜ್ಞಾನದ ಭವಿಷ್ಯಕ್ಕೆ ಸಂಬಂಧಿಸಿದ ಗಂಭೀರ ಪ್ರಶ್ನೆಯೊಂದು ಮೊನ್ನೆ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಚರ್ಚೆಗೆ ಬಂತು: ಜೋಡಿ ಹುಡುಕುವ ಆ್ಯಪಿನಲ್ಲಿ ಇನ್ನೊಂದು ಕಾಲಂ ಸೇರಿಸಬೇಕೋ ಬೇಡವೋ. ನನ್ನ ಪಕ್ಕ ಕೂತಿದ್ದ, ನಲವತ್ತರ ಆಸುಪಾಸಿನ ರಾಜೇಂದ್ರ ಮೊಬೈಲಿನಲ್ಲಿ ಕಂಪನಿಗೆ ದೂರು ಬರೆಯುತ್ತಿದ್ದ. ಅವನ ಅತ್ತಿಗೆ ಇಣುಕಿ ನೋಡುತ್ತಿದ್ದರು.

"ಬಳಿ ಯಾವ್ದು ಅಂತ ಮೊದ್ಲೇ ಕೇಳ್ಬೇಕು ಅಂತ ಬರಿ ರಾಜೇಂದ್ರ."

"ಬರ್ದೆ ಅತ್ತಿಗೆ. ಬಳಿ ಅಂದ್ರೆ ಗೋತ್ರ ಇದ್ದಂಗೆ, ಒಂದೇ ಬಳಿಯೋರು ಅಣ್ಣ-ತಂಗಿ ಲೆಕ್ಕ, ಮದ್ವೆ ಆಗಂಗಿಲ್ಲ ಅಂತಾನೂ ಬರ್ದೆ."

"ಆ್ಯಪಲ್ಲಿ ಸಿಕ್ಕ ಆನಂದಪುರದೋಳ ಹತ್ರ ಮೂರು ತಿಂಗ್ಳು ಮಾತಾಡಿದ್ಯಲ್ಲ ಮಾರಾಯ, ಒಂದ್ಸಲನಾದ್ರೂ ಕೇಳ್ಬಾರ್ದಿತ್ತಾ?"

"ಊಟ ಆಯ್ತಾ ಅಂತ ಅವ್ಳು ಕೇಳೋಳು. ಏನ್ ಸಾರು ಅಂತ ನಾನು ಕೇಳ್ತಿದ್ದೆ. ಬಳಿ ನೆನಪೇ ಆಗ್ಲಿಲ್ಲ."

"ಈಗ?"

"ಈಗ 'ಊಟ ಆಯ್ತಾ ಅಣ್ಣ' ಅಂತಾಳೆ."

ಅತ್ತಿಗೆಗೆ ನಗು ಬಂತು, ಸೆರಗಿನಲ್ಲಿ ತಡೆದುಕೊಂಡರು.

"ಕಳ್ಸು ಬೇಗ, ಬಸ್ ಬಂತು. ಇನ್ಯಾರಿಗೂ ಹಿಂಗಾಗ್ಬಾರ್ದು."

"ಈ ಕಾಲಂ ಮೊದ್ಲೇ ಇದ್ದಿದ್ರೆ ಅವ್ಳು ನಂಗೆ ಕಾಣ್ತಾನೇ ಇರ್ಲಿಲ್ಲ, ಅಲ್ವಾ ಅತ್ತಿಗೆ?"

ಅತ್ತಿಗೆ ಚೀಲ ಎತ್ತಿಕೊಂಡರು. ರಾಜೇಂದ್ರ ಬರೆದದ್ದನ್ನೆಲ್ಲ ಅಳಿಸಿ ಅವರ ಹಿಂದೆಯೇ ಬಸ್ ಹತ್ತಿದ. ದೂರು ಹೋಗಲಿಲ್ಲ.