ಪಕ್ಕದ ಮನೆಯವರ ಹಣೆಯ ಗಾಯದ ಬಗ್ಗೆ

ನಾನು, ವಯಸ್ಸು ನಲವತ್ಮೂರು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ, ವಾಸ ನೀರಿನ ಟ್ಯಾಂಕಿನ ಹಿಂದಿನ ರಸ್ತೆಯ ಕೊನೆಯ ಮನೆ, ಈ ದಿನ ಸಂಜೆ ನಾನಾಗಿಯೇ ಠಾಣೆಗೆ ಬಂದು, ಠಾಣಾಧಿಕಾರಿಯವರ ಎದುರು ಕುಳಿತು ಬರೆಸುವ ಸಂಗತಿ ಹೀಗಿರುತ್ತದೆ.

ಸದರಿ ಮನೆಯಲ್ಲಿ ನಾನು ಮತ್ತು ನನ್ನ ತಂಗಿ ಇಬ್ಬರೇ ವಾಸವಾಗಿರುತ್ತೇವೆ. ತಂಗಿಗೆ ಮೂವತ್ತೆರಡು ವರ್ಷ. ಆಕೆಗೆ ಮೈಯ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಇರುತ್ತದೆ. ಕೈಬೆರಳು, ಕಣ್ಣು, ಬಾಯಿ ಚೆನ್ನಾಗಿವೆ, ಅದರಲ್ಲೂ ಬಾಯಿ. ಉಸಿರು ಮಾತ್ರ ಸ್ವಂತ ಬಲದಿಂದ ಹೆಚ್ಚು ಹೊತ್ತು ಎಳೆಯಲಾರಳು. ಮೂಗಿಗೆ ಕಟ್ಟಿದ ಮಾಸ್ಕಿನ ಮೂಲಕ ಒಂದು ಯಂತ್ರ ಹಗಲೂ ರಾತ್ರಿ ಗಾಳಿ ಒತ್ತುತ್ತಿರುತ್ತದೆ. ಯಂತ್ರ ತೆಗೆದರೆ ನಾಲ್ಕೈದು ನಿಮಿಷ ಹೇಗೋ ತಳ್ಳುತ್ತಾಳೆ, ಆಮೇಲೆ ತುಟಿ ಕಪ್ಪಿಡುತ್ತದೆ.

ಈ ಕಾರಣದಿಂದ, ಕರೆಂಟು ಹೋದ ಕೂಡಲೇ ತಾನಾಗಿ ಶುರುವಾಗುವ ಜನರೇಟರನ್ನು ಹಿತ್ತಿಲಲ್ಲಿ ಹಾಕಿಸಿರುತ್ತೇನೆ. ಮುಂಬಾಗಿಲ ಪಕ್ಕದ ಹೊರಗೋಡೆಯಲ್ಲಿ ಅದರ ಸ್ವಿಚ್ ಪೆಟ್ಟಿಗೆ ಇದೆ. ಕರೆಂಟು ಹೋದದ್ದನ್ನು ಆ ಪೆಟ್ಟಿಗೆ ಪೈಪಿನೊಳಗೆ ಹಾಯಿಸಿದ ಸಣ್ಣ ವೈರೊಂದರ ಮೂಲಕ ಹಿತ್ತಿಲ ಇಂಜಿನ್ನಿಗೆ ತಿಳಿಸಬೇಕು. ಇಂಜಿನ್ ಶುರುವಾದ ಮೇಲೆ ಪೆಟ್ಟಿಗೆಯೇ ಮನೆಯನ್ನು ಜನರೇಟರಿನ ಕಡೆಗೆ ತಿರುಗಿಸಬೇಕು. ಇಷ್ಟೂ ಕೆಲಸ ಕಣ್ಣು ಮಿಟುಕಿಸಿ ಎರಡು ಮಾತಾಡುವಷ್ಟರಲ್ಲಿ ಮುಗಿಯುತ್ತಿತ್ತು.

ನಮ್ಮ ಪಕ್ಕದ ಮನೆಯವರು ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ ಮಾಡುವವರು, ಸುಮಾರು ಅರವತ್ತರ ಹತ್ತಿರದವರು, ಒಂಟಿ. ಹಗಲು ಮಲಗುತ್ತಾರೆ. ನಮ್ಮ ಇಂಜಿನ್ ವಾರಕ್ಕೊಮ್ಮೆ ಮಧ್ಯಾಹ್ನ ಪರೀಕ್ಷೆಗೆಂದು ತಾನೇ ಸ್ವಲ್ಪ ಹೊತ್ತು ಓಡುತ್ತದೆ. ಓಡಿದಾಗಲೆಲ್ಲ ಅವರು ಗೋಡೆಯಾಚೆಯಿಂದ ಕೂಗಾಡುತ್ತಿದ್ದರು. ನನ್ನ ತಂಗಿ ಅವರಿಗೆ ಗುಡುಗಪ್ಪ ಎಂದು ಹೆಸರಿಟ್ಟಿರುತ್ತಾಳೆ. ಎರಡು ವರ್ಷದಿಂದ ನಮಗೂ ಅವರಿಗೂ ಮಾತಿಲ್ಲ. ಹದಿನೈದು ದಿನದ ಹಿಂದೆ ಅವರು, ಒಂದು ದಿನ ಅದರ ವೈರ್ ಕತ್ತರಿಸಿ ಬಿಸಾಕುತ್ತೇನೆ ಎಂದು ಕೂಗಿದ್ದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿತ್ತು.

ಕಳೆದ ವಾರ ಕಂಪನಿಯವರು ಮನೆಯ ಇಂಟರ್ನೆಟ್ ಪೆಟ್ಟಿಗೆ ಬದಲಾಯಿಸಿದರು. ಅಂದಿನಿಂದ, ಇಂಟರ್ನೆಟ್ ಮೂಲಕ ಇಂಜಿನ್ನಿನ ಸುದ್ದಿ ತೋರಿಸುವ ನನ್ನ ಫೋನಿನಲ್ಲಿ ಜನರೇಟರಿನ ಹೆಸರಿನ ಮುಂದೆ ‘ಸಂಪರ್ಕ ಇಲ್ಲ’ ಎಂದು ಬರುತ್ತಿತ್ತು. ಜನರೇಟರ್ ಹಾಕಿಕೊಟ್ಟ ಮೆಕ್ಯಾನಿಕ್‌ಗೆ ಫೋನ್ ಮಾಡಿದೆನು. ಅವರು ಹೇಳಿದಂತೆ ಇಂಟರ್ನೆಟ್ ಪೆಟ್ಟಿಗೆಯನ್ನು ಆರಿಸಿ ಹಾಕಿದೆನು, ಇಂಜಿನ್ನಿನ ಆಂಟೆನಾ ಬಿಗಿ ಮಾಡಿದೆನು, ಪಾಸ್‌ವರ್ಡ್ ಮತ್ತೆ ಒತ್ತಿದೆನು. ಸರಿಹೋಗಲಿಲ್ಲ. ಇದು ಇಂಜಿನ್ನಿನ ಸುದ್ದಿ ಫೋನಿಗೆ ಬಾರದ ತೊಂದರೆಯಷ್ಟೇ, ಇಂಟರ್ನೆಟ್ ಇಲ್ಲದಿದ್ದರೂ ಇಂಜಿನ್ ಓಡುತ್ತದೆ, ಶುಕ್ರವಾರ ಬಂದು ನೋಡುತ್ತೇನೆ ಎಂದು ಅವರು ಹೇಳಿದರು. ಈ ವಾರದ ಪರೀಕ್ಷೆಯಲ್ಲೂ ಇಂಜಿನ್ ಓಡಿತು, ಗುಡುಗಪ್ಪನವರೂ ಕೂಗಿದರು. ಹಾಗಾಗಿ ನಾನು ನಿಶ್ಚಿಂತೆಯಾಗಿದ್ದೆನು.

ಈ ದಿನ ಗುರುವಾರ, ಅಂಗಡಿಗೆ ರಜೆ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ತಂಗಿಯ ಯಂತ್ರ ಒಮ್ಮೆ ಪೀಂಯ್ ಎಂದು ತನ್ನ ಬ್ಯಾಟರಿಗೆ ಬದಲಾಯಿತು. ನಾನು ಇಂಜಿನ್ ಸದ್ದಿಗಾಗಿ ಕಾದೆನು. ಬರಲಿಲ್ಲ. “ಅಕ್ಕಾ, ನಿನ್ನ ಎಮ್ಮೆ ಯಾಕೆ ಕೂಗ್ತಿಲ್ಲ?” ಎಂದು ತಂಗಿ ಕೇಳಿದಳು. ನಾನು ಹಿತ್ತಿಲಿಗೆ ಓಡಿದೆನು.

ಇಂಜಿನ್ನಿನ ಪರದೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಸ್ವಿಚ್ ಪೆಟ್ಟಿಗೆಯೊಂದಿಗೆ ಸಂಪರ್ಕವಿಲ್ಲ ಎಂಬ ಬರಹವಿತ್ತು. ಮೆಕ್ಯಾನಿಕ್‌ಗೆ ಫೋನ್ ಮಾಡಿದೆನು. ಅವರು ಊರಿನ ಆಚೆ ತುದಿಯಲ್ಲಿ ಕೆಲಸದಲ್ಲಿದ್ದರು. “ಮೇಡಂ, ಇದು ಹೋದ್ವಾರದ್ದಲ್ಲ, ಬೇರೆ. ಅದು ಇಂಜಿನ್ ನಿಮ್ಮ ಫೋನ್ ಜೊತೆ ಮಾತು ಬಿಟ್ಟಿದ್ದು. ಇದು ಪೆಟ್ಟಿಗೆ ಜೊತೆನೇ ಮಾತು ಬಿಟ್ಟಿದೆ. ಪೈಪಿಂದ ಬರೋ ಸಣ್ಣ ವೈರ್ ನೋಡಿ” ಎಂದರು. ನಾನು ಬಗ್ಗಿ ನೋಡಿದೆನು. ಪೈಪಿನ ಬಾಯಿಯ ಹತ್ತಿರ ಆ ವೈರು ಎರಡು ತುಂಡಾಗಿ ನೇತಾಡುತ್ತಿತ್ತು.

ಅದೇ ಹೊತ್ತಿಗೆ ಗೋಡೆಯ ಮೇಲೆ ಸದ್ದಾಯಿತು. ತಲೆಯೆತ್ತಿದಾಗ ಪಕ್ಕದ ಮನೆಯವರು ಗೋಡೆಯ ಮೇಲೆ ಕುಳಿತು ಒಂದು ಕಾಲನ್ನು ನಮ್ಮ ಕಡೆಗೆ ಇಳಿಬಿಟ್ಟಿದ್ದರು. ಬಲಗೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು. ನನಗೆ ಅವರ ಹಳೆಯ ಮಾತು ನೆನಪಾಯಿತು. ಫೋನ್ ನೆಲಕ್ಕೆ ಬಿತ್ತು. ಬಟ್ಟೆ ಹರವುವ ಅಲ್ಯೂಮಿನಿಯಂ ಕೋಲು ಗೋಡೆಗೆ ಒರಗಿತ್ತು. ಅವರು ನೆಲಕ್ಕೆ ಇಳಿದು ನನ್ನ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಆ ಕೋಲಿನಿಂದ ಹಣೆಗೆ ಹೊಡೆದೆನು. ರಕ್ತ ಬಂತು. ಅವರು ತತ್ತರಿಸಿದರು. ಕೋಲನ್ನು ಎದೆಗೆ ಒತ್ತಿ ಹಿಂದಕ್ಕೆ ತಳ್ಳಿ, ಬಟ್ಟೆ ಒಗೆಯುವ ಕೋಣೆಯೊಳಗೆ ಹಾಕಿ ಚಿಲಕ ಜಡಿದೆನು. ನಂತರ ಫೋನ್ ಎತ್ತಿಕೊಂಡು ಪೊಲೀಸರಿಗೆ ಕರೆ ಮಾಡಿದೆನು. ಪಕ್ಕದ ಮನೆಯವನು ವೈರ್ ಕತ್ತರಿಸಿ ನನ್ನ ತಂಗಿಯನ್ನು ಕೊಲ್ಲಲು ಬಂದಿದ್ದಾನೆ ಎಂದು ಹೇಳಿದೆನು. ಇದೇ ಪದಗಳನ್ನು ಹೇಳಿರುತ್ತೇನೆ. ನಿಮ್ಮಲ್ಲಿ ರೆಕಾರ್ಡ್ ಆಗಿರಬೇಕು.

ಒಳಗೆ ಹೋದಾಗ ತಂಗಿಯ ಯಂತ್ರ ಕಿರುಚುತ್ತಿತ್ತು. ಎರಡು ಗಂಟೆ ಬರಬೇಕಾದ ಬ್ಯಾಟರಿ ಅರ್ಧ ಗಂಟೆಯೊಳಗೆ ಕೈಕೊಟ್ಟಿತ್ತು. ಆಂಬುಲೆನ್ಸಿನವರು, ಸಿಗ್ನಲ್ ದೀಪಗಳೆಲ್ಲ ಆರಿ ರಸ್ತೆ ಕಟ್ಟಿಕೊಂಡಿದೆ, ಮುಕ್ಕಾಲು ಗಂಟೆ ಬೇಕು ಎಂದರು. ಆಸ್ಪತ್ರೆಯವರು ಕೊಟ್ಟಿದ್ದ, ಕೈಯಿಂದ ಹಿಸುಕಿ ಗಾಳಿ ಕೊಡುವ ಚೀಲವನ್ನು ತೆಗೆದು, ಅದರ ಮಾಸ್ಕನ್ನು ತಂಗಿಯ ಮುಖಕ್ಕೆ ಒತ್ತಿ ಹಿಸುಕತೊಡಗಿದೆನು. ನಾನು ಹಿಸುಕಿದರೆ ಆಕೆಯ ಎದೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು.

ಮೆಕ್ಯಾನಿಕ್ ಮತ್ತೆ ಫೋನ್ ಮಾಡಿದರು. ಸ್ಪೀಕರಿಗೆ ಹಾಕಿ ಹಾಸಿಗೆಯ ಮೇಲಿಟ್ಟೆನು. ವೈರ್ ಇಲ್ಲದೆಯೂ ಕೈಯಿಂದಲೇ ಎಲ್ಲ ಮಾಡಬಹುದು, ಆದರೆ ಹಿತ್ತಿಲಿಗೂ ಮುಂಬಾಗಿಲಿಗೂ ಓಡಾಡಬೇಕು, ಕ್ರಮ ತಪ್ಪಿದರೆ ಅಪಾಯ, ಮನೆಯಲ್ಲಿ ಇನ್ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆನು.

ಒಗೆಯುವ ಕೋಣೆಯ ಬಾಗಿಲು ದಬದಬ ಬಡಿಯುತ್ತಿತ್ತು. “ಅಮ್ಮಾ, ಇಂಜಿನ್ ಓಡ್ತಿಲ್ಲ! ಆ ಹುಡುಗಿ ಹೇಗಿದಾಳೆ? ಯಾರಾದ್ರೂ ಇಂಜಿನ್ ನೋಡ್ರಪ್ಪಾ!” ಎಂದು ಅವರು ಕೂಗುತ್ತಿದ್ದರು. ತಂಗಿ ನನ್ನ ಮುಖ ನೋಡಿ, ಬೆರಳನ್ನು ಹಿತ್ತಿಲ ಕಡೆಗೆ ತೋರಿಸಿದಳು. ಆಗದು ಎಂದು ತಲೆಯಾಡಿಸಿದೆನು. ಆಕೆ ಮುಖವನ್ನು ಪಕ್ಕಕ್ಕೆ ಜಾರಿಸಿ ಮಾಸ್ಕಿನಿಂದ ಬಾಯಿ ಬಿಡಿಸಿಕೊಂಡಳು. “ಕತ್ತರಿಸಿದವನು... ಓಡ್ತಿಲ್ಲ ಅಂತ... ಬಡ್ಕೋತಾನಾ? ತೆಗಿ ಅಕ್ಕ” ಎಂದಳು. ಆ ಮಾತಿಗೆ ಮೂರು ಉಸಿರು ಖರ್ಚಾದವು.

ಚೀಲವನ್ನು ಐದಾರು ಸಲ ಜೋರಾಗಿ ಹಿಸುಕಿ, ಫೋನ್ ಹಿಡಿದು ಓಡಿ ಚಿಲಕ ತೆಗೆದೆನು. ಅವರ ಎಡಗಣ್ಣು ರಕ್ತದಿಂದ ಮುಚ್ಚಿಹೋಗಿತ್ತು. ಕ್ಷಮಿಸಿ ಎನ್ನಲು ನನಗೆ ಹೊತ್ತಿರಲಿಲ್ಲ. ಫೋನನ್ನು ಕೈಗಿಟ್ಟು, ಇವರು ಹೇಳಿದಂತೆ ಮಾಡಿ ಎಂದಷ್ಟೇ ಹೇಳಿ ವಾಪಸು ಓಡಿದೆನು. ತಂಗಿಯ ತುಟಿಯ ಅಂಚು ಬಣ್ಣ ಬದಲಿಸಿತ್ತು. ಮತ್ತೆ ಹಿಸುಕತೊಡಗಿದೆನು.

ಮುಂದಿನದನ್ನು ನಾನು ಕಣ್ಣಿಂದ ನೋಡಿಲ್ಲ, ಕಿವಿಯಿಂದ ಕೇಳಿರುತ್ತೇನೆ. ಮೊದಲು ಹಿತ್ತಿಲಲ್ಲಿ ಇಂಜಿನ್ ಪಕ್ಕದ ಸ್ವಿಚ್ಚನ್ನು ಕೆಳಗೆ ಮಾಡಿದ ಸದ್ದು. ಆಮೇಲೆ ಮನೆಯ ಪಕ್ಕದ ಓಣಿಯಲ್ಲಿ ಅವರ ಚಪ್ಪಲಿ ಸದ್ದು ಮುಂಬಾಗಿಲಿಗೆ ಹೋಯಿತು. ಮೇನ್ ಆರಿಸಿದ್ದಾಯ್ತೇ ಎಂದು ಮೆಕ್ಯಾನಿಕ್ ಕೇಳಿದ್ದು, ಆಯ್ತು ಎಂದು ಇವರು ಹೇಳಿದ್ದು. ಪೆಟ್ಟಿಗೆಯೊಳಗಿನ ಹ್ಯಾಂಡಲನ್ನು ಸಿಕ್ಕಿಸಿ ಮೇಲಕ್ಕೆ ಎತ್ತಬೇಕೆಂದು ಮೆಕ್ಯಾನಿಕ್ ಹೇಳುತ್ತಿರುವಾಗಲೇ ಗೇಟಿನ ಹೊರಗೆ ಜೀಪು ನಿಂತಿತು.

ಇಬ್ಬರು ಪೇದೆಗಳು ಗೇಟು ಹಾರಿ ಬಂದರು. ನಾನೇ ಕರೆದಿದ್ದವರು. ರಕ್ತ ಸುರಿಸಿಕೊಂಡು ನಮ್ಮ ಪೆಟ್ಟಿಗೆಗೆ ಕೈ ಹಾಕಿದ್ದ ಗಂಡಸನ್ನು ಕಂಡು ಅವರು ಮಾಡಬೇಕಾದದ್ದನ್ನೇ ಮಾಡಿದರು. “ಕೈ ಬಿಡ್ರೀ, ಇದನ್ನ ಎತ್ತದಿದ್ರೆ ಒಳಗೊಂದು ಜೀವ ಹೋಗುತ್ತೆ!” ಎಂದು ಪಕ್ಕದ ಮನೆಯವರು ಕೂಗಿದರು. ಕೈ ಹಿಂದಕ್ಕೆ ತಿರುಚಿದಾಗ ಅವರು ನರಳಿದ್ದೂ ಕೇಳಿಸಿತು. ನಾನು ಚೀಲ ಬಿಡುವಂತಿರಲಿಲ್ಲ. ಹಿಸುಕುತ್ತಲೇ ಕಿಟಕಿಯ ಕಡೆ ಮುಖ ಮಾಡಿ, ಗಂಟಲು ಹರಿಯುವಂತೆ, “ಅವರನ್ನ ಬಿಡಿ! ಫೋನ್ ಮಾಡಿದ್ದು ನಾನೇ, ಬಿಡಿ ಅಂತಿರೋದೂ ನಾನೇ! ನಾನು ಹೇಳಿದ್ದು ಸುಳ್ಳು!” ಎಂದು ಕೂಗಿದೆನು. ಪೇದೆಗಳಲ್ಲಿ ಹಿರಿಯರು ಕಿಟಕಿಗೆ ಬಂದು ಒಳಗೆ ನೋಡಿದರು. ನನ್ನ ಕೈಯನ್ನೂ ತಂಗಿಯ ಮುಖವನ್ನೂ ನೋಡಿದರು. “ಬಿಡೋ ಅವರನ್ನ!” ಎಂದು ಅವರೇ ಕೂಗಿದರು.

ಖಟ್ ಎಂದು ಹ್ಯಾಂಡಲ್ ಎದ್ದ ಸದ್ದಾಯಿತು. ಮೂವರ ಕಾಲುಗಳೂ ಓಣಿಯಲ್ಲಿ ಓಡಿದವು. ಇಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಅದರ ಪಕ್ಕದ ಸ್ವಿಚ್ಚನ್ನು ಮತ್ತೆ ಮೇಲೆ ಮಾಡಿದ ಸದ್ದು. ಮೇಲೆ ಫ್ಯಾನ್ ತಿರುಗಿತು. ಯಂತ್ರದ ಹಸಿರು ದೀಪ ಬಂತು. ತಂಗಿಗೆ ಅದರ ಮಾಸ್ಕ್ ಕಟ್ಟಿದೆನು. ನನ್ನ ಬೆರಳುಗಳು ಚೀಲದ ಆಕಾರದಲ್ಲೇ ಮಡಚಿಕೊಂಡಿದ್ದವು, ಬಿಚ್ಚಲಾಗಲಿಲ್ಲ. ತಂಗಿ ಸ್ವಲ್ಪ ಹೊತ್ತು ಗಾಳಿ ಕುಡಿದು, “ಗುಡುಗಪ್ಪಂಗೆ ಐಸ್ ಕೊಡು ಅಕ್ಕ, ಹಣೆ ಊದಿರುತ್ತೆ” ಎಂದಳು. ನನಗೆ ಅಳು ಬಂದದ್ದು ಆಗಲೇ.

ತಡವಾಗಿ ಬಂದ ಆಂಬುಲೆನ್ಸಿನವರು ತಂಗಿಯನ್ನು ಪರೀಕ್ಷಿಸಿ, ಅಪಾಯವಿಲ್ಲ ಎಂದು ಹೇಳಿ ಹೋದರು. ನಾಲ್ಕು ಗಂಟೆಗೆ ಮೆಕ್ಯಾನಿಕ್ ಬಂದರು. ಪೈಪು ಬಿಚ್ಚಿದಾಗ ಒಳಗೆ ಇಲಿಯ ಹಿಕ್ಕೆ, ಕಡಿದ ವೈರಿನ ಚೂರು ಸಿಕ್ಕಿದವು. ಹಲ್ಲಿನ ಗುರುತನ್ನು ನನಗೂ ಪೇದೆಯವರಿಗೂ ತೋರಿಸಿದರು. ವಾರದ ಪರೀಕ್ಷೆಯಲ್ಲಿ ಇಂಜಿನ್ ತನ್ನಷ್ಟಕ್ಕೆ ಓಡುವುದರಿಂದ ಈ ವೈರಿನ ತೊಂದರೆ ಅದರಲ್ಲಿ ಕಾಣುವುದಿಲ್ಲ ಎಂದು ತಿಳಿಸಿದರು. ಹೊಸ ಪಾಸ್‌ವರ್ಡಿನಲ್ಲಿ ನಾನು ಒಂದು ಅಕ್ಷರ ತಪ್ಪು ಒತ್ತಿದ್ದನ್ನೂ ಹುಡುಕಿದರು. ಅದನ್ನು ಸರಿಪಡಿಸಿದ ಕೂಡಲೇ ನನ್ನ ಫೋನಿಗೆ ಒಂದರ ಹಿಂದೊಂದು ಸಂದೇಶಗಳು ಬಂದವು. ವೈರ್ ಹೋಗಿದೆ, ನೋಡಿ ಎಂದು ಇಂಜಿನ್ ಮಂಗಳವಾರದಿಂದ ಹೇಳುತ್ತಲೇ ಇತ್ತು. ಹೇಳಿದ್ದು ನನ್ನ ತನಕ ಬಂದಿರಲಿಲ್ಲ.

ಪಕ್ಕದ ಮನೆಯವರನ್ನು ಯಾಕೆ ಗೋಡೆ ಹಾರಿದಿರಿ ಎಂದು ಕೇಳಿದೆನು. “ಫ್ಯಾನ್ ನಿಂತು ಎಚ್ಚರ ಆಯ್ತಮ್ಮ. ಈಗ ನಿಮ್ಮ ದರಿದ್ರ ಇಂಜಿನ್ ಶುರು ಆಗುತ್ತೆ ಅಂತ ಬೈಯೋಕೆ ಕಾಯ್ತಾ ಕೂತೆ. ಆಗ್ಲೇ ಇಲ್ಲ. ಭಯ ಆಯ್ತು. ಗೇಟಿಗೆ ಬೀಗ, ಕರೆಂಟಿಲ್ದೆ ಬೆಲ್ಲಿಲ್ಲ, ಇನ್ನೇನ್ ಮಾಡ್ಲಿ?” ಎಂದರು. ಸಾಮಾನಿನ ಡಬ್ಬಿಯಲ್ಲಿ ಮೊದಲು ಕೈಗೆ ಸಿಕ್ಕಿದ್ದು ಕಟಿಂಗ್ ಪ್ಲೇಯರ್ ಎಂದೂ ಹೇಳಿದರು. ಅವರ ಹಣೆಗೆ ಆರು ಹೊಲಿಗೆ ಬಿದ್ದಿರುತ್ತವೆ. ನಾನು ಠಾಣೆಯಿಂದ ಹಿಂದಿರುಗುವ ತನಕ ತಂಗಿಯ ಬಳಿ ಮೆಕ್ಯಾನಿಕ್ ಕುಳಿತಿರುತ್ತಾರೆ.

ಪಕ್ಕದ ಮನೆಯವರ ಮೇಲೆ ನಾನು ಫೋನಿನಲ್ಲಿ ಕೊಟ್ಟ ದೂರನ್ನು ಈ ಮೂಲಕ ಪೂರ್ತಿಯಾಗಿ ಹಿಂತೆಗೆದುಕೊಳ್ಳುತ್ತೇನೆ. ತಾವು ಗೋಡೆ ಇಳಿಯುವಾಗ ಕಾಲು ಜಾರಿ ನಲ್ಲಿಯ ಮೇಲೆ ಬಿದ್ದು ಗಾಯವಾಯಿತೆಂದು ಅವರು ನನಗಿಂತ ಮೊದಲೇ ಬರೆಸಿರುವುದನ್ನು ಅಧಿಕಾರಿಗಳು ನನಗೆ ತಿಳಿಸಿದರು. ಅದು ನಿಜವಲ್ಲ. ಅವರು ಜಾರಲಿಲ್ಲ. ಆ ಜಾಗದಲ್ಲಿ ನಲ್ಲಿಯೇ ಇಲ್ಲ. ಹೊಡೆದವಳು ನಾನು. ಹಾಗೆ ಬರೆದುಕೊಂಡರೆ ಕೇಸು ನನ್ನ ಮೇಲೆಯೇ ತಿರುಗುತ್ತದೆ, ಯೋಚಿಸಿ ಹೇಳಮ್ಮ ಎಂದು ಅಧಿಕಾರಿಗಳು ಎಚ್ಚರಿಸಿದರು. ಯೋಚಿಸಿಯೇ ಬಂದಿದ್ದೇನೆ, ಬರೆದುಕೊಳ್ಳಿ ಎಂದೆನು.

ಇದನ್ನು ಬರೆಸುತ್ತಿರುವಾಗ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಸದರಿ ಪಕ್ಕದ ಮನೆಯವರು, “ತಲೆ ನನ್ನದು ಕಣಮ್ಮಾ! ಹೆಂಗೊಡೀತು ಅಂತ ನಾನಲ್ವಾ ಹೇಳ್ಬೇಕು?” ಎಂದು ಇಡೀ ಠಾಣೆಗೆ ಕೇಳುವಂತೆ ಕೂಗಿದರು. ಇದನ್ನೂ ಬರೆದುಕೊಳ್ಳಲು ನಾನೇ ಕೇಳಿಕೊಂಡಿರುತ್ತೇನೆ.

ಬರೆದದ್ದನ್ನೆಲ್ಲ ನನಗೆ ಓದಿ ಹೇಳಿದ್ದಾರೆ. ನಾನು ನುಡಿದಂತೆಯೇ ಇದೆ, ಯಾರೂ ಹೇಳಿಕೊಟ್ಟದ್ದಲ್ಲ. ಎರಡು ಹೇಳಿಕೆಗಳು ತಾಳೆಯಾಗದ ಕಡೆ ನನ್ನದನ್ನೇ ನಂಬಬೇಕಾಗಿ ವಿನಂತಿ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ ಹದಿನೇಳು, ಗುರುವಾರ
ಸಹಿ: (ಹೇಳಿಕೆ ಕೊಟ್ಟವರದು. ಬೆರಳು ಇನ್ನೂ ಪೂರ್ತಿ ಬಿಚ್ಚದ ಕಾರಣ ಎರಡನೇ ಸಲ ಹಾಕಿದ್ದು)