ಮಧ್ಯಮ ತರಗತಿ ದಾಟದವಳು

...ಫೇಲ್ ಅಂದ್ರೆ ಫೇಲ್ ಕಣಮ್ಮ! ಎಷ್ಟು ಸಲ ಹೇಳಿಸ್ತೀಯ ನನ್ನ ಬಾಯಲ್ಲಿ? ಕೂತ್ಕೋ. ಕೂತ್ಕೊಳ್ಳಲ್ವಾ? ಸರಿ, ನಿಂತೇ ಕೇಳು.

ಪಿಟೀಲು ರಿಪೇರಿ ಮಾಡೋಳಂತೆ, ಇಟಲಿಗೆ ಹೋಗಿ ಹೊಸ ಪಿಟೀಲು ಮಾಡೋದೇ ಕಲೀತಾಳಂತೆ! ಅದಕ್ಕೆ ನಮ್ಮಲ್ಲಿ ಇಟಾಲಿಯನ್ ಭಾಷೆಯ ಮೇಲಿನ ತರಗತಿ ಮುಗಿಸಬೇಕಂತೆ. ಮುಗಿಸು, ಯಾರು ಬೇಡ ಅಂದ್ರು! ಆದ್ರೆ ನಿನ್ನ ಇಟಾಲಿಯನ್ನು... ಅಯ್ಯೋ. ಬಸ್ ಎಲ್ಲಿ, ಬ್ರೆಡ್ ಎಷ್ಟು, ನಮ್ಮಕ್ಕನ ಮನೇಲಿ ಎರಡು ಬೆಕ್ಕಿವೆ. ಇಷ್ಟಕ್ಕೇ ಭಾಷೆ ಬಂದ್ಬಿಡ್ತು ಅಂದ್ಕೊಂಡ್ಯಾ?

ಏನು, ತುಟಿ ಕಚ್ಕೊಂಡು ನಗೋದು? ತಲೆ ಬೆಳ್ಳಗಾಗೋವರೆಗೂ ಇದೇ ವ್ಯಾಕರಣ ಪಾಠ ಮಾಡಿದೀನಿ ನಾನು!

ನಿನ್ನೆ ಮೌಖಿಕ ಪರೀಕ್ಷೇಲಿ ಏನು ಒದರಿದೆ, ಜ್ಞಾಪಕ ಇದ್ಯಾ? 'ಅಂಟು ಒಣಗಿದೆ ಅನ್ಸುತ್ತೆ' ಅನ್ನಬೇಕಿತ್ತು. 'ಅನ್ಸುತ್ತೆ' ಅಂದ್ಮೇಲೆ ಖಾತ್ರಿ ಇಲ್ಲ ಅಂತಾಯ್ತು. ಖಾತ್ರಿ ಇಲ್ಲದಾಗ ಕ್ರಿಯಾಪದ ವೇಷ ಬದಲಾಯಿಸುತ್ತೆ. 'ಇದೆ' ಅನ್ನೋಕೆ ಅಲ್ಲಿ 'ಎ' ಅಲ್ಲ, 'ಸೀಯಾ'! ಕತ್ತೆಗೆ ಹೇಳಿದ್ರೂ ಇಷ್ಟೊತ್ತಿಗೆ... ಏನು? 'ಸೀಯಾ' ಅಂತಲೇ ಅಂದ್ಯಾ? ನನ್ನ ಕಿವಿಗೇನು ಬಿರಡೆ ಹಾಕಿತ್ತಾ? ಮೇಲಿನ ತರಗತಿ ಮೇಡಂ ಪಕ್ಕದಲ್ಲೇ ಕೂತಿದ್ರು. ಅವರೂ ಮುಖ ಸಿಂಡರಿಸಿದ್ರು. ಬೇಕಿದ್ರೆ ಹೋಗಿ ಕೇಳು.

ಹೋಗು... ಕೇಳು.

ಯಾಕೆ ಅಲ್ಲೇ ನಿಂತೆ? ಹಾಗೆ ನೋಡ್ಬೇಡ...

ಓ. ಕೇಳ್ಕೊಂಡೇ ಬಂದಿದೀಯ.

ಏನಂದ್ರು? ಬೇಡ, ಹೇಳ್ಬೇಡ. ಚೆನ್ನಾಗಿ ಮಾತಾಡಿದೆ ಅಂದಿರ್ತಾರೆ. ಹೌದು, ಮಾತಾಡಿದೆ! ನಾನೇನು ಕಿವುಡನಾ?

ಈ ಬೆಂಚುಗಳನ್ನ ನೋಡಮ್ಮ. ಒಂದು ಕಾಲಕ್ಕೆ ಜಾಗ ಸಾಲದೆ ಕಿಟಕಿ ಕಟ್ಟೆ ಮೇಲೆ ಕೂರ್ತಿದ್ರು. ಈಗ ಎಲ್ರೂ ಫೋನಲ್ಲೇ ಕಲೀತಾರೆ, ಅದೂ ಅರ್ಧಂಬರ್ಧ, ದಂಡಪಿಂಡಗಳು! ಉಳಿದೋಳು ನೀನೊಬ್ಬಳು. ನೀನೂ ಮೇಲಿನ ತರಗತಿಗೆ ಹೋದ್ರೆ ಈ ಕೋಣೆಗೆ ಬೀಗ. ಆಮೇಲೆ ನಾನು ಸಂಜೆ ಹೊತ್ತು ಯಾರ ಹತ್ರ... ಮನೇಲಿ ಗೋಡೆಗೆ ಪಾಠ ಹೇಳ್ಲಾ?

ಬ್ಯಾಗ್ ಯಾಕೆ ಹೆಗಲಿಗೆ ಹಾಕ್ಕೊಂಡೆ? ಇರು! ಮೇಡಂ ಹತ್ರ ನಾನೇ ಬರ್ತೀನಿ. ಪಾಸು ಅಂತ ನಾನೇ ಹೇಳ್ತೀನಿ... ಹೀಗೆ ತುಟಿ ಬಿಚ್ಚದೆ ಮಾತ್ರ ಹೋಗ್ಬೇಡ ತಾಯಿ. ಎರಡು ಮಾತು ಬೈದಾದ್ರೂ ಹೋಗು.

ಇಟಾಲಿಯನ್ನಲ್ಲೇ ಬೈ. ಒಂದು ತಪ್ಪೂ ಹಿಡಿಯಲ್ಲ.